ಏಳೂವರೆ ಸುತ್ತಿನ ಸಾಡೇಸಾತಿ

ನಮ್ಮ ಅಫಜಲಪುರದ ಕಡೆ ಶಾಲಾ ಕ್ರೀಡಾಕೂಟದ ಉದ್ಘಾಟನೆಗೆ ಬರುವ ಅತಿಥಿಗಳು ಎರಡು ಮಾತನ್ನು ತಪ್ಪದೆ ಹೇಳುತ್ತಾರೆ. ಒಂದು, ‘ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ.’ ಇನ್ನೊಂದು, ‘ನೀವೆಲ್ಲ ನಾಳೆ ಒಲಿಂಪಿಕ್ಸ್‌ನಾಗ ದೇಶಕ್ಕ ಪದಕ ತರಬೇಕು.’ ಎರಡೂ ಒಂದೇ ಮೈಕಿನಲ್ಲಿ, ಹಲವು ಸಲ ಒಂದೇ ಉಸಿರಿನಲ್ಲಿ ಬರುತ್ತವೆ. ಬಿಸಿಲಿಗೆ ಸಾಲಾಗಿ ನಿಂತ ಮಕ್ಕಳು ಎರಡಕ್ಕೂ ಸಮನಾಗಿ ಚಪ್ಪಾಳೆ ತಟ್ಟುತ್ತಾರೆ. ಭಾಷಣ ಬೇಗ ಮುಗಿಯಲಿ ಎಂಬುದೊಂದೇ ಆ ಹೊತ್ತಿಗೆ ಅವರಿಗಿರುವ ಗುರಿ. ನನಗೆ ಮಾತ್ರ ಆ ಎರಡು ವಾಕ್ಯಗಳ ನಡುವಿನ ಬಯಲು ಕಣ್ಣಿಗೆ ಕಟ್ಟುತ್ತದೆ. ಬಂದು ನಿಂತರೆ ಸಾಕು ಎಂಬಲ್ಲಿಂದ ಒಲಿಂಪಿಕ್ಸ್ ಪದಕದವರೆಗೆ ಭೀಮಾ ನದಿಯ ದಂಡೆಗಿಂತ ಉದ್ದದ ದಾರಿಯಿದೆ. ಒಂಬತ್ತನೆಯ ಇಯತ್ತೆಯ ಹುಡುಗ ನಾಳೆ ಮುಂಜಾನೆ ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ ಓಡಬೇಕು ಎಂದು ಹೇಳಿದ ಅತಿಥಿಯನ್ನು ನಾನಿನ್ನೂ ಕಂಡಿಲ್ಲ.

ನಾನು ಕನ್ನಡ ಮಾಸ್ತರ. ಬಸ್ಸು ತಪ್ಪುವ ಹೊತ್ತಿಗೆ ಓಡಿದ್ದುಂಟು, ಅದರಲ್ಲೂ ಹೆಚ್ಚು ಸಲ ಬಸ್ಸೇ ಗೆದ್ದಿದೆ. ಆದರೂ ಕ್ರೀಡಾಕೂಟ ಬಂತೆಂದರೆ ನನಗೊಂದು ಖಾಯಂ ಕೆಲಸವುಂಟು: ದೂರದ ಓಟದ ಸುತ್ತು ಎಣಿಸುವುದು. ಗಣಿತದ ಮಾಸ್ತರರಿಗೆ ಅದನ್ನು ಕೊಡುವುದಿಲ್ಲ. ಅವರು ಲೆಕ್ಕ ತಪ್ಪಿದರೆ ಇಲಾಖೆಗೇ ಅವಮಾನ. ಕನ್ನಡದವರು ತಪ್ಪಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಈ ಕೆಲಸ ಹೊರಗಿನವರು ತಿಳಿದಷ್ಟು ಹಗುರಲ್ಲ. ಸರಿಯಾದ ಟ್ರ್ಯಾಕ್ ಎಂದರೆ ಸುತ್ತಿಗೆ 400 ಮೀಟರ್. ಹೈಸ್ಕೂಲಿನ ಮಕ್ಕಳ 3000 ಮೀಟರ್ ಓಟ ಅದರಲ್ಲಿ ಏಳೂವರೆ ಸುತ್ತು. ಶನಿಮಹಾತ್ಮನ ಸಾಡೇಸಾತಿಗೆ ವರ್ಷ ಎಷ್ಟೋ ಅಷ್ಟು. ಆದರೆ ನಮ್ಮಂಥ ಶಾಲೆಗಳ ಮೈದಾನದಲ್ಲಿ ಒಂದು ಮೂಲೆಗೆ ಬೇವಿನ ಗಿಡ, ಇನ್ನೊಂದು ಮೂಲೆಗೆ ಬಿಸಿಯೂಟದ ಕೋಣೆ, ನಡುವೆ ಯಾವುದೋ ಕಾಲದ ಧ್ವಜಸ್ತಂಭದ ಕಟ್ಟೆ. ಇವನ್ನೆಲ್ಲ ತಪ್ಪಿಸಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ 200 ಮೀಟರಿನ ಸುತ್ತು ಸಿಕ್ಕುವುದೇ ಪುಣ್ಯ. ಅಲ್ಲಿಗೆ ಏಳೂವರೆ ಹದಿನೈದಾಯಿತು. ಇಪ್ಪತ್ತು ಹುಡುಗರು ಹದಿನೈದು ಸುತ್ತು ಓಡುವಾಗ ಐದನೆಯ ಸುತ್ತಿಗೇ ಮೊದಲಿನವನು ಕೊನೆಯವನನ್ನು ದಾಟಿರುತ್ತಾನೆ. ಎಂಟನೆಯ ಸುತ್ತಿಗೆ ಯಾರು ಯಾರ ಹಿಂದೆ ಎಂಬುದು ವೇದಾಂತದ ಪ್ರಶ್ನೆಯಾಗುತ್ತದೆ. ಜನರು ಮುಂದೆ ಕಂಡವನಿಗೆ ಸೀಟಿ ಹೊಡೆಯುತ್ತಾರೆ. ಅವನು ಎರಡು ಸುತ್ತು ಹಿಂದಿರುವವನು, ಸೀಟಿಯ ಹುರುಪಿಗೆ ಇನ್ನೂ ಜೋರಾಗಿ ಓಡಿ, ಹನ್ನೊಂದಕ್ಕೇ ಕೈಯೆತ್ತಿ, ‘ನಂದ್ ಮುಗೀತ್ರೀ ಸರ್’ ಎಂದು ನಿಂತುಬಿಡುತ್ತಾನೆ. ಅವನ ಊರಿನವರು ನಾಲ್ಕು ಮಂದಿ ಬಂದು ಅದನ್ನು ಅನುಮೋದಿಸುತ್ತಾರೆ.

ನಮ್ಮಲ್ಲೊಬ್ಬ ಹಿರಿಯ ಮಾಸ್ತರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಎಡಗಡೆಯ ಕಿಸೆಯಲ್ಲಿ ಹದಿನೈದು ತೊಗರಿ ಕಾಳು. ತಾವು ಎಣಿಸುವ ಹುಡುಗ ಗೆರೆ ದಾಟಿದಾಗೊಮ್ಮೆ ಒಂದೊಂದು ಕಾಳು ಬಲಗಡೆಯ ಕಿಸೆಗೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಮಾನ್ಯತೆ ಸಿಕ್ಕಿತಲ್ಲ, ಅದರ ಅರ್ಜಿಯಲ್ಲಿ ಈ ಗುಣವನ್ನು ಯಾರೂ ಬರೆದಿರಲಿಕ್ಕಿಲ್ಲ.

ಹೇಗೋ ಓಟ ಮುಗಿಯುತ್ತದೆ. ಪ್ರಥಮ, ದ್ವಿತೀಯ, ತೃತೀಯ ಎಂದು ಹೆಸರು ಬರೆದುಕೊಂಡು ಮೈಕಿನವರಿಗೆ ಕೊಡುತ್ತೇವೆ. ಸಂಜೆ ಪ್ರಮಾಣಪತ್ರ. ಅದರ ಮೇಲೆ ಮಗುವಿನ ಹೆಸರು, ಶಾಲೆ, ಪಂದ್ಯ, ಪಡೆದ ಸ್ಥಾನ, ಕೆಳಗೆ ಸಹಿಗಳ ಸಾಲು. ನಾನು ಕಂಡ ಪ್ರಮಾಣಪತ್ರಗಳಲ್ಲಿ ಇಲ್ಲದ್ದು ಒಂದೇ: ಆ ಮಗು ಎಷ್ಟು ಹೊತ್ತಿನಲ್ಲಿ ಓಡಿತು ಎಂಬುದು. ಸ್ಟಾಪ್‌ವಾಚ್ ಇರುವುದಿಲ್ಲವೆಂದಲ್ಲ. ನೂರು ಮೀಟರಿಗೆ ಅದನ್ನು ಹಿಡಿಯಲು ಮೂವರ ನಡುವೆ ಎಳೆದಾಟವೇ ಆಗುತ್ತದೆ. ದೂರದ ಓಟ ಬಂತೆಂದರೆ ಮಾತ್ರ ಅದು ಚಹಾ ಕುಡಿಯಲು ಹೋದವರ ಕೊರಳಲ್ಲಿರುತ್ತದೆ.

ಇದು ಸಣ್ಣ ಸಂಗತಿ ಎನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಸ್ಥಾನವೆಂಬುದು ಉಳಿದವರು ಕೊಡುವಂಥದ್ದು. ಎದುರಿಗೆ ಯಾರು ಬಂದರು, ಯಾರಿಗೆ ಜ್ವರ ಬಂತು, ಆಧಾರ್ ಕಾರ್ಡಿನಲ್ಲಿ ಹದಿನಾರು ತುಂಬಿ ಗಲ್ಲದ ಮೇಲೆ ಇಪ್ಪತ್ತು ತುಂಬಿದ ಹುಡುಗ ಯಾವ ಶಾಲೆಯ ಪಾಲಿಗೆ ಸಿಕ್ಕ, ಇವೆಲ್ಲ ಸೇರಿ ಸ್ಥಾನ. ತಾಲೂಕಿಗೆ ಪ್ರಥಮ ಬಂದವನು ಜಿಲ್ಲೆಗೆ ಹೋಗಿ ಒಂಬತ್ತನೆಯವನಾಗಿ, ಯಾರ ಮುಖವನ್ನೂ ನೋಡದೆ ಊರಿಗೆ ಬರುತ್ತಾನೆ. ಅಲ್ಲಿ ಅವನು ತಾಲೂಕಿನಲ್ಲಿ ಓಡಿದ್ದಕ್ಕಿಂತ ಇಪ್ಪತ್ತು ಸೆಕೆಂಡು ಬೇಗ ಓಡಿರಬಹುದು. ಆ ದಿನ ಅವನ ಜೀವನದಲ್ಲೇ ಚಲೋ ದಿನವಾಗಿರಬಹುದು. ಅದನ್ನು ಅವನಿಗೆ ಹೇಳುವವರಿಲ್ಲ; ಅವನ ಕೈಯಲ್ಲಿ ಕಾಗದವೂ ಇಲ್ಲ.

ಗುರಿಯ ವಿಷಯದಲ್ಲಿ ನಮ್ಮ ಶಾಲೆಗಳು ಹಿಂದುಳಿದಿವೆ ಎನ್ನುವಂತಿಲ್ಲ. ಹತ್ತನೆಯ ಇಯತ್ತೆಯ ಗೋಡೆಗಳ ಮೇಲೆ ‘ನಮ್ಮ ಗುರಿ ಶೇ. 100 ಫಲಿತಾಂಶ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಗೆ ಬಂದದ್ದು ಶೇ. 42.43, ರಾಜ್ಯದಲ್ಲಿ ಕಟ್ಟಕಡೆ. ಗೋಡೆ ಇನ್ನೂ ನೂರನ್ನೇ ಹೇಳುತ್ತಿದೆ. ಆ ನೂರನ್ನು ತಿಂಗಳಿಗೆ, ವಾರಕ್ಕೆ, ದಿನಕ್ಕೆ ಇಷ್ಟಿಷ್ಟು ಎಂದು ಹಂಚಿ ಬರೆದ ಗೋಡೆ ನನ್ನ ಕಣ್ಣಿಗೆ ಬಿದ್ದಿಲ್ಲ. ಫಲಿತಾಂಶ ಇಳಿದಾಗ ಮೊದಲು ಬಲಿಯಾಗುವುದು ಆಟದ ಪಿರಿಯಡ್ಡು. ಮುಂಜಾನೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು. ಓಡುವ ಹುಡುಗನಿಗೆ ಉಳಿಯುವುದು ಮಧ್ಯಾಹ್ನದ ಬಿಸಿಲು. ಏಪ್ರಿಲ್‌ನಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ ಓಡು ಎನ್ನುವುದು ತರಬೇತಿಯಲ್ಲ, ಶಿಕ್ಷೆ.

ಆದರೆ ಈ ತಾಲೂಕಿನಲ್ಲಿ ಒಂದು ಜಾಗದಲ್ಲಿ ಮಾತ್ರ ಗುರಿ ಸೆಕೆಂಡಿನ ಲೆಕ್ಕದಲ್ಲಿದೆ. ಅದನ್ನು ನೋಡಬೇಕೆಂದರೆ ಕತ್ತಲಿರುವಾಗಲೇ ಎದ್ದು ಕಲಬುರಗಿ ರಸ್ತೆಗೆ ಬರಬೇಕು. ಕಬ್ಬಿನ ಸೀಜನ್ನಿನಲ್ಲಾದರೆ ಹವಳಗಾ ಕಾರ್ಖಾನೆಯ ದಾರಿ ಹಿಡಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಹೋಗುತ್ತಿರುತ್ತವೆ. ಅವುಗಳ ಪಕ್ಕದ ಮಣ್ಣಿನಲ್ಲಿ, ಮೊಬೈಲಿನ ಬೆಳಕಿನಲ್ಲಿ, ಹುಡುಗರು ಓಡುತ್ತಿರುತ್ತಾರೆ. ಇವರು ಭರ್ತಿ ಹುಡುಗರು. ಆರ್ಮಿ ಭರ್ತಿ, ಪೊಲೀಸ್ ಭರ್ತಿ. ಯಾರನ್ನಾದರೂ ನಿಲ್ಲಿಸಿ ‘ಎಷ್ಟರಾಗ ಓಡ್ತೀಯೋ ತಮ್ಮಾ?’ ಎಂದು ಕೇಳಿ. ‘ಐದು ನಲವತ್ತ ಆಗ್ಯಾದ್ರೀ, ಇನ್ನ ಹತ್ತ ಸೆಕೆಂಡ ಕಡಿಮಿ ಮಾಡಬೇಕ್ರಿ’ ಎನ್ನುತ್ತಾನೆ. ಅತಿಥಿ, ಅಧಿಕಾರಿ, ನಾನು ಸೇರಿದಂತೆ ಮಾಸ್ತರರು, ಯಾರೂ ಇಷ್ಟು ಖಚಿತವಾಗಿ ಮಾತಾಡಿದವರಲ್ಲ.

ಅವನ ಲೆಕ್ಕ ಎಲ್ಲಿಂದ ಬಂತು? ಸೇನೆಯ ಭರ್ತಿಯಲ್ಲಿ 1600 ಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವನಿಗೆ ಓಟದ ಪೂರ್ತಿ 60 ಅಂಕ. ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಗಂಡುಮಕ್ಕಳಿಗೆ ಅದೇ 1600 ಮೀಟರ್ 6 ನಿಮಿಷ 30 ಸೆಕೆಂಡಿನಲ್ಲಿ ಆಗಬೇಕು. ಸುತ್ತು ಎಣಿಸುವವನ ಚಾಳಿ ಬಿಡಲಿಲ್ಲ. ನಾನಿವನ್ನು ನಮ್ಮ 200 ಮೀಟರಿನ ಸುಣ್ಣದ ಗೆರೆಗೆ ಇಳಿಸಿ ನೋಡಿದೆ. ಸೇನೆಯ ಪೂರ್ತಿ ಅಂಕಕ್ಕೆ ಸುತ್ತಿಗೆ 41 ಸೆಕೆಂಡಿನ ಮೇಲೆ ಚೂರು, ಹೀಗೆ ಎಂಟು ಸುತ್ತು. ಪೊಲೀಸಿಗೆ ಸುತ್ತಿಗೆ 48 ಮುಕ್ಕಾಲು ಸೆಕೆಂಡು.

ಈ ಹುಡುಗರ ಮನೆಯವರಿಗೆ ಲೆಕ್ಕ ಇನ್ನೂ ಒಪ್ಪಿಗೆಯಾಗಿಲ್ಲ. ಹೊಲಕ್ಕೆ ಹೊರಟ ಮುತ್ಯಾ ಒಬ್ಬರು ನನ್ನೆದುರೇ ಮೊಮ್ಮಗನನ್ನು ತಡೆದು, ‘ಯಾಕ ತಮ್ಮಾ, ಯಾರರ ಬೆನ್ನ ಹತ್ಯಾರೇನು? ಹತ್ತಿದ್ರ ಹೇಳು, ನಾ ಮಾತಾಡ್ತೀನಿ’ ಎಂದರು. ಹುಡುಗ ನಿಂತು ಉತ್ತರ ಕೊಡುವಂತಿಲ್ಲ, ಗಡಿಯಾರ ಓಡುತ್ತಿದೆ. ಓಡುತ್ತಲೇ ಕೈಮುಗಿದು ಹೋದ. ಮುತ್ಯಾ ನನ್ನ ಕಡೆ ತಿರುಗಿ, ‘ಹಿಂಗ ಓಡಿದ್ರ ತಿಂದ ರೊಟ್ಟಿ ಮೈಗೆ ಹ್ಯಾಂಗ ಹತ್ತಬೇಕ್ರೀ ಮಾಸ್ತರ?’ ಎಂದು ಕೇಳಿದರು. ಅವರ ಹೊಲದಲ್ಲಿ ಎತ್ತು ಓಡಿದರೆ ಅವರಿಗೆ ಹೆಮ್ಮೆ. ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಕರಿ ಹರಿಯುವಾಗ ಯಾವ ಎತ್ತು ಮೊದಲು ಹಾಯ್ದು ಬಂತು ಎಂದು ನೋಡಿ, ಆ ವರ್ಷ ಮುಂಗಾರಿ ಚಲೋ ಆಗುತ್ತದೋ ಹಿಂಗಾರಿಯೋ ಎಂದು ಹೇಳುವ ಊರು ನಮ್ಮದು. ಎತ್ತಿನ ಓಟದಲ್ಲಿ ಊರಿನ ಭವಿಷ್ಯ ಕಾಣುತ್ತದೆ. ಮೊಮ್ಮಗನ ಓಟದಲ್ಲಿ ಬರೇ ರೊಟ್ಟಿಯ ನಷ್ಟ ಕಾಣುತ್ತದೆ.

ಕಾಲಿನ ಬಲಕ್ಕೆ ನಮ್ಮಲ್ಲಿ ಬರ ಬಿದ್ದಿಲ್ಲ. ಘತ್ತರಗಿಯ ಭಾಗ್ಯವಂತಿಗೆ ಅಮಾವಾಸ್ಯೆಗೆ ನಡೆದು ಹೋಗುವವರು, ಭೀಮಾ-ಅಮರ್ಜಾ ಸಂಗಮದ ದೇವಲ ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದ ನಡೆದು ಬರುವವರು, ಆಷಾಢಕ್ಕೆ ಪಂಢರಪುರದ ದಾರಿ ಹಿಡಿಯುವವರು. ಅವರಲ್ಲಿ ಎಪ್ಪತ್ತು ದಾಟಿದ ಮುದುಕಿಯರೂ ಇರುತ್ತಾರೆ. ಬೂಟಿಲ್ಲ, ತರಬೇತುದಾರನಿಲ್ಲ, ಗ್ಲೂಕೋಸ್ ಇಲ್ಲ. ದೇವರ ಹೆಸರು, ಚುರುಮುರಿ, ಶೇಂಗಾ. ಇವರೆಲ್ಲ ಇಷ್ಟು ದೂರ ನಡೆಯುವುದಕ್ಕೆ ಕಾರಣ ಎಲ್ಲಿಗೆ ಹೋಗಬೇಕೆಂಬುದು ಗೊತ್ತಿರುವುದು. ಇದನ್ನು ಶಾಲೆಯ ಮೈದಾನಕ್ಕೆ ತಂದರೆ ಏನಾಗುತ್ತದೆಂದು ನೋಡಿದವರು ಕಡಿಮೆ.

ಭರ್ತಿ ಹುಡುಗರನ್ನು ಕಂಡು ಮೂಗು ಮುರಿಯುವವರಿದ್ದಾರೆ. ‘ನೌಕರಿ ಸಿಕ್ಕ ಮರುದಿನ ಬೂಟು ಬಿಚ್ಚಿಡ್ತಾರ, ವರ್ಷ ತುಂಬೂದರಾಗ ಹೊಟ್ಟಿ ಬರ್ತದ’ ಎನ್ನುತ್ತಾರೆ. ಹೊಟ್ಟೆ ಬರುವುದು ಖರೆ. ಆದರೆ ನೌಕರಿಗಾಗಿ ಓಡುವುದು ಕಡಿಮೆ ದರ್ಜೆಯ ಓಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮಂಥದ್ದೇ ಮಳೆ ಕಡಿಮೆಯ ಸೀಮೆ ಮರಾಠವಾಡದ ಬೀಡ ಜಿಲ್ಲೆ. ಅಲ್ಲಿಯ ಆಷ್ಟಿ ತಾಲೂಕಿನ ಮಾಂಡವಾ ಎಂಬ ಹಳ್ಳಿಯ ಅವಿನಾಶ ಸಾಬಳೆ ಹುಡುಗನಾಗಿದ್ದಾಗ ಆರು ಕಿಲೋಮೀಟರ್ ದೂರದ ಶಾಲೆಗೆ ನಡೆದು, ಓಡಿ ಹೋಗುತ್ತಿದ್ದವನು. ತಂದೆತಾಯಿ ಇಟ್ಟಿಗೆ ಭಟ್ಟಿಯ ಕೂಲಿ. ಹನ್ನೆರಡನೆಯ ಇಯತ್ತೆ ಮುಗಿಸಿ ಸೇನೆ ಸೇರಿದ. ಸಿಯಾಚಿನ್, ರಾಜಸ್ಥಾನ ತಿರುಗಿದ. ಸೇನೆಯ ಓಟದಲ್ಲಿ ಕಣ್ಣಿಗೆ ಬಿದ್ದ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಕೇವಲ 0.05 ಸೆಕೆಂಡಿನಲ್ಲಿ ಚಿನ್ನ ತಪ್ಪಿ ಬೆಳ್ಳಿ ಗೆದ್ದ. 1998ರಿಂದ ಆ ಪಂದ್ಯದ ಮೂರೂ ಪದಕ ಕೀನ್ಯಾದವರ ಮನೆಯ ಆಸ್ತಿಯಂತಿದ್ದವು. 2024ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ 8 ನಿಮಿಷ 9.91 ಸೆಕೆಂಡು ಓಡಿದ.

ಗಮನಿಸಬೇಕು, ದೂರ ಅದೇ 3000 ಮೀಟರ್. ನಮ್ಮ ಬೇವಿನ ಗಿಡ ಸುತ್ತುವ ಹದಿನೈದು ಸುತ್ತೇ. ಅವನಿಗೆ ಹೆಚ್ಚಿನದಾಗಿ 28 ಅಡ್ಡಗಟ್ಟೆ, 7 ನೀರಿನ ಹೊಂಡ. ಅವನ್ನೆಲ್ಲ ಹಾರುತ್ತ ಸುತ್ತಿಗೆ 33 ಸೆಕೆಂಡೂ ಆಗಲಿಲ್ಲ. ಇನ್ನೊಬ್ಬ ಸೈನಿಕ, ಉತ್ತರ ಪ್ರದೇಶದ ರೈತನ ಮಗ ಗುಲ್ವೀರ್ ಸಿಂಗ್, 2025ರಲ್ಲಿ 10,000 ಮೀಟರನ್ನು 27 ನಿಮಿಷ 0.22 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದ. ನಮ್ಮ ಮೈದಾನದಲ್ಲಿ ಅದು ಐವತ್ತು ಸುತ್ತು, ಸುತ್ತಿಗೆ 32.4 ಸೆಕೆಂಡು. ಹಿರಿಯ ಮಾಸ್ತರರ ಕಿಸೆ ಸಾಲುವುದಿಲ್ಲ.

ಹೀಗಾಗಿ ಭರ್ತಿ ಹುಡುಗನಿಗೆ ಹೇಳಬೇಕಾದ್ದು ‘ನೌಕರಿಗೆ ಓಡಬೇಡ’ ಎಂದಲ್ಲ. ನಿನ್ನ ಎಂಟು ಸುತ್ತಿನ ವೇಗವನ್ನೇ ಹದಿನೈದು ಸುತ್ತಿಗೆ ಹಿಡಿದರೆ 3000 ಮೀಟರ್ 10 ನಿಮಿಷ 19 ಸೆಕೆಂಡಿಗೆ ಮುಗಿಯುತ್ತದೆ. ಸುತ್ತಿಗೆ ಇನ್ನೊಂದು ಸೆಕೆಂಡು ಕಡಿಮೆ ಮಾಡಿದರೆ ಹತ್ತು ನಿಮಿಷದ ಬಾಗಿಲು ಕಾಣುತ್ತದೆ. ಮುಂದೆ ಇಂಥಿಂಥ ಬಾಗಿಲುಗಳಿವೆ ಎಂದು ಹೇಳಿದರಾಯಿತು. ಹೇಳುವವರು ಬೇಕು, ಅಷ್ಟೇ.

ಹೀಗೆ ಹೇಳಿದವರೊಬ್ಬರ ಕಥೆ ನನಗೆ ಬಹಳ ಮೆಚ್ಚುಗೆ. ಸ್ಫೂರ್ತಿ ಭಾಷಣದವರು 1954ರಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಬ್ಯಾನಿಸ್ಟರನ ಕಥೆಯನ್ನು ತೇಯ್ದು ತೇಯ್ದು ಗಂಧ ಮಾಡಿದ್ದಾರೆ, ಅದು ಬೇಡ. ಅಮೆರಿಕದ ಕ್ಯಾನ್ಸಸ್ ಎಂಬುದು ಗೋಧಿಯ ಬಯಲು ಸೀಮೆ. ಅಲ್ಲಿಯ ವಿಚಿಟಾ ಊರಿನ ಹೈಸ್ಕೂಲಿನಲ್ಲಿ ಜಿಮ್ ರಯನ್ ಎಂಬ ಸಣಕಲು ಹುಡುಗ. ಚರ್ಚಿನ ಬೇಸ್‌ಬಾಲ್ ತಂಡದವರು ಬೇಡವೆಂದಿದ್ದರು. ಬೇರೆಲ್ಲೂ ಜಾಗ ಸಿಗದವನು ಕೊನೆಗೆ ಓಟಕ್ಕೆ ಬಂದ. ಮೊದಲ ಸಲ ಮೈಲಿ ಓಡಿದಾಗ ಆದದ್ದು 5 ನಿಮಿಷ 38 ಸೆಕೆಂಡು. ನಮ್ಮ ಗೆರೆಯ ಲೆಕ್ಕದಲ್ಲಿ ಸುತ್ತಿಗೆ 42. ಅಂದರೆ ನಮ್ಮ ಕಲಬುರಗಿ ರಸ್ತೆಯ ಭರ್ತಿಗೆ ಬಂದಿದ್ದರೆ ಅವನಿಗೆ ಪೂರ್ತಿ ಅಂಕ ಸಿಗುತ್ತಿರಲಿಲ್ಲ! ಅವನ ಕೋಚ್ ಬಾಬ್ ಟಿಮನ್ಸ್. ಒಂದು ಕೂಟ ಮುಗಿಸಿ ಬಸ್ಸಿನಲ್ಲಿ ಊರಿಗೆ ಮರಳುವಾಗ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ನಾಲ್ಕು ನಿಮಿಷದೊಳಗೆ ಮೈಲಿ ಓಡುವ ಮೊದಲ ಹೈಸ್ಕೂಲ್ ಹುಡುಗ ನೀನಾಗಬಲ್ಲೆ ಎಂದುಬಿಟ್ಟರು. ಹುಡುಗನಿಗೆ ಇವರಿಗೇನೋ ಆಗಿದೆ ಎನಿಸಿತಂತೆ. 1964ರ ಜೂನ್ 5ರಂದು ಆ ಹುಡುಗ 3 ನಿಮಿಷ 59 ಸೆಕೆಂಡಿಗೆ ಮೈಲಿ ಮುಗಿಸಿದ. ವಯಸ್ಸು ಹದಿನೇಳು.

ಆ ಓಟದಲ್ಲಿ ಅವನಿಗೆ ಬಂದ ಸ್ಥಾನ ಎಷ್ಟನೆಯದು ಗೊತ್ತೇ? ಎಂಟು. ನಮ್ಮ ಪ್ರಮಾಣಪತ್ರ ಕೊಡುವ ಪದ್ಧತಿಯಲ್ಲಾದರೆ ಅವನು ಬರಿಗೈಯಲ್ಲಿ ಮನೆಗೆ ಹೋಗಬೇಕಿತ್ತು. ‘ಭಾಗವಹಿಸಿದ್ದೇ ಮುಖ್ಯ’ ಎಂದು ಅತಿಥಿಗಳು ಬೆನ್ನು ತಟ್ಟುತ್ತಿದ್ದರು.

ಟಿಮನ್ಸ್ ಹೇಳಿ ಸುಮ್ಮನೆ ಕೂರಲಿಲ್ಲ ಎಂಬುದನ್ನು ಸೇರಿಸದಿದ್ದರೆ ಕಥೆ ಅರ್ಧವಾಗುತ್ತದೆ. ಆ ಸಂಖ್ಯೆಗೆ ತಕ್ಕ ದಿನಚರಿಯನ್ನೂ ಅವರೇ ಬರೆದರು. ಅದು ಭಯಂಕರ ದಿನಚರಿ, ವಾರಕ್ಕೆ ನೂರು ಮೈಲಿಯ ಮಾತು. ನಮ್ಮ ಯಾವ ಪಿ.ಟಿ. ಮಾಸ್ತರರೂ ಅದನ್ನು ಮಕ್ಕಳ ಮೇಲೆ ಪ್ರಯೋಗಿಸಬಾರದು. ಮುಂದೆ ರಯನ್ ವಿಶ್ವದಾಖಲೆಗಳನ್ನು ಮಾಡಿದ, 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ 1500 ಮೀಟರಿನ ಬೆಳ್ಳಿ ಗೆದ್ದ, 1972ರ ಮ್ಯೂನಿಕ್‌ನಲ್ಲಿ ಮೊದಲ ಸುತ್ತಿನಲ್ಲೇ ಬಿದ್ದ. ದೊಡ್ಡ ಗುರಿ ಇಟ್ಟುಕೊಂಡವನ ಕಾಲು ತಡವರಿಸುವುದಿಲ್ಲ ಎಂದೇನೂ ಇಲ್ಲ.

ನಮ್ಮ ನಾಡಿನಲ್ಲೂ ಇಂಥ ಕಣ್ಣು ಒಮ್ಮೆ ಬಿದ್ದಿತ್ತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ದೂರ ಓಡುತ್ತಿದ್ದ ಹಳ್ಳಿಗರನ್ನು ಕಂಡು, ಇವರು ಒಲಿಂಪಿಕ್ಸಿಗೆ ಹೋಗಬಲ್ಲರು ಎಂದು ಲೆಕ್ಕ ಹಾಕಿದವರು ದೊರಾಬ್ಜಿ ಟಾಟಾ. ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್, ಈಗಿನದಕ್ಕಿಂತಲೂ ಉದ್ದ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಮುಗಿಸಿ 19ನೆಯವರಾದರು. ಕನ್ನಡ ನಾಡಿನ ಶಾಲೆಯ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲ, ಏಕೆಂದರೆ 19 ಎಂಬ ಸ್ಥಾನಕ್ಕೆ ಪಾಠಪುಸ್ತಕದಲ್ಲಿ ಜಾಗವಿಲ್ಲ. ಆದರೆ ಸಮಯವನ್ನು ನಮ್ಮ ಸುಣ್ಣದ ಗೆರೆಗೆ ಇಳಿಸಿ ನೋಡಿ: ಸುತ್ತಿಗೆ 48 ಸೆಕೆಂಡು. ನಮ್ಮ ಪೊಲೀಸ್ ಭರ್ತಿಯವರು ಎಂಟು ಸುತ್ತಿಗೆ ಕೇಳುವ ವೇಗಕ್ಕಿಂತ ಚೂರು ಜೋರಾಗಿ, ಆ ಮನುಷ್ಯ 213 ಮುಕ್ಕಾಲು ಸುತ್ತು ಓಡಿದ್ದ. ನೂರು ವರ್ಷದ ಹಿಂದೆ.

ಈಗ ಹೆಣ್ಣುಮಕ್ಕಳ ಮಾತು. ಇಲ್ಲಿ ನನಗೆ ತಮಾಷೆ ಕಡಿಮೆಯಾಗುತ್ತದೆ. ಪೊಲೀಸ್ ನೇಮಕಾತಿ ಹೆಣ್ಣುಮಕ್ಕಳಿಂದ ಕೇಳುವುದು 400 ಮೀಟರ್, ಎರಡು ನಿಮಿಷದಲ್ಲಿ. ಸುತ್ತಿಗೆ 60 ಸೆಕೆಂಡಿನಂತೆ ಎರಡೇ ಸುತ್ತು. ಬಿಸಿಯೂಟದ ಗಂಟೆ ಹೊಡೆದಾಗ ನಮ್ಮ ಎಂಟನೆಯ ಇಯತ್ತೆಯ ಹುಡುಗಿಯರು ತಾಟು ಹಿಡಿದುಕೊಂಡೇ ಇದಕ್ಕಿಂತ ಜೋರಾಗಿ ಬರುತ್ತಾರೆ. 3000 ಮೀಟರನ್ನು ಹನ್ನೆರಡು ನಿಮಿಷಕ್ಕೆ ಓಡುವ ಹುಡುಗಿ ಹದಿನೈದು ಸುತ್ತನ್ನೂ 48 ಸೆಕೆಂಡಿನಂತೆ ಓಡಿರುತ್ತಾಳೆ. ಅವಳಿಗೆ ‘ಎರಡು ನಿಮಿಷದಾಗ 400 ಮಾಡು, ಸಾಕು’ ಎಂದರೆ ಅದು ಗುರಿಯಲ್ಲ, ಕೂರಲು ಕುರ್ಚಿ ಕೊಟ್ಟಂತೆ. ಸಾತಾರಾ ಜಿಲ್ಲೆಯ ಮೋಹಿ ಎಂಬ ಒಣ ಹಳ್ಳಿಯ ಲಲಿತಾ ಬಾಬರ್ ಶಾಲೆಯಲ್ಲಿ ಖೋಖೋ ಆಡುತ್ತಿದ್ದವರು. 2016ರ ರಿಯೋ ಒಲಿಂಪಿಕ್ಸಿನ ಸ್ಟೀಪಲ್‌ಚೇಸ್‌ನಲ್ಲಿ 9 ನಿಮಿಷ 19.76 ಸೆಕೆಂಡು ಓಡಿ ಫೈನಲ್ಲಿಗೆ ಹೋಗಿ ಹತ್ತನೆಯವರಾದರು. 1984ರಲ್ಲಿ ಪಿ.ಟಿ. ಉಷಾ ಹೋದ ಮೇಲೆ ವೈಯಕ್ತಿಕ ಓಟದ ಫೈನಲ್ ಕಂಡ ಭಾರತದ ಹೆಣ್ಣುಮಗಳು ಅವರೇ. ನಮ್ಮ ಊರುಗಳಲ್ಲಿ ಖೋಖೋ ಆಡುವ ಹುಡುಗಿಯರಿಗೆ ಎಣಿಕೆಯಿಲ್ಲ. ದೀಪಾವಳಿಯ ಹೊತ್ತಿಗೆ ಅವರಲ್ಲಿ ಅರ್ಧ ಜನ ಹತ್ತಿ ಬಿಡಿಸಲು ಹೋಗಿರುತ್ತಾರೆ. ಉಳಿದರ್ಧದಲ್ಲಿ ಹಲವರ ರಕ್ತದಲ್ಲಿ ಕಬ್ಬಿಣ ಸಾಲದು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಗುಳಿಗೆಯನ್ನು ಕಿಟಕಿಯಾಚೆ ಎಸೆಯದೆ ನುಂಗಿಸುವುದೇ ನಮ್ಮಲ್ಲಿ ದೂರದ ಓಟದ ಮೊದಲ ತರಬೇತಿ. ಹೊಟ್ಟೆಯ ಮಟ್ಟಿಗೆ ಈಗ ಸ್ವಲ್ಪ ಸುಧಾರಿಸಿದೆ: 2021ರ ಕೊನೆಗೆ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಶುರುವಾಗಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಒಂದು ಮೊಟ್ಟೆ. ಇದಕ್ಕಿಂತ ದುಬಾರಿಯ ಓಟಗಾರರ ಆಹಾರವನ್ನು ನಾನು ಜಾಹೀರಾತಿನಲ್ಲಿ ಮಾತ್ರ ನೋಡಿದ್ದೇನೆ.

ಒಂದು ಅಡ್ಡಮಾತು. ಎಂಟನೆಯ ಇಯತ್ತೆಯವರಿಗೆ ಸರಕಾರ ಸೈಕಲ್ ಕೊಡುತ್ತಿದ್ದ ಯೋಜನೆ 2006-07ರಲ್ಲಿ ಶುರುವಾಗಿ ಕೊರೊನಾ ಹೊತ್ತಿಗೆ ನಿಂತುಹೋಯಿತು. ಊರೆಲ್ಲ ಬೇಜಾರಾದಾಗ ನಮ್ಮ ಪಿ.ಟಿ. ಮಾಸ್ತರರ ಮುಖದಲ್ಲಿ ಮಾತ್ರ ಸಣ್ಣ ಹೊಳಪು ಕಂಡಿತ್ತು. ‘ಹುಡುಗ್ರು ಮತ್ತ ನಡೀಲಕತ್ತಾವ್ರೀ ಸರ್’ ಎಂದರು. ಮನುಷ್ಯ ಕೆಟ್ಟವರಲ್ಲ, ಬರೇ ಮಧ್ಯಮ ದೂರದ ತಂಡ ಕಟ್ಟುವ ಚಿಂತೆ.

ಆ ಪಿ.ಟಿ. ಮಾಸ್ತರರಿಂದಲೇ ನಾನು ಕಲಿತದ್ದು: ದೂರದ ಓಟ ಕಲಿಯುವ ಮಕ್ಕಳು ಹೆಚ್ಚಿನ ದಿನ ಮೆಲ್ಲಗೆ ಓಡಬೇಕು, ಪಕ್ಕದವನ ಜೊತೆ ಮಾತಾಡುತ್ತ ಓಡುವಷ್ಟು ಮೆಲ್ಲಗೆ. ವಾರಕ್ಕೆ ಒಂದೆರಡು ದಿನ ಮಾತ್ರ ಏದುಸಿರಿನ ಓಟ. ಜಿಟಿಜಿಟಿ ಮಳೆಯ ನೀರನ್ನು ನಮ್ಮ ಎರೆಭೂಮಿ ಹೊಟ್ಟೆಯಲ್ಲಿಟ್ಟುಕೊಂಡು, ಮಳೆ ನಿಂತ ಮೇಲೆ ಅದರಲ್ಲೇ ಹಿಂಗಾರಿ ಜೋಳ ಬೆಳೆದು ಕೊಡುತ್ತದಲ್ಲ, ಮೆಲ್ಲಗೆ ಓಡಿದ ದಿನಗಳೂ ಮೈಯಲ್ಲಿ ಹಾಗೇ ಕೂತಿರುತ್ತವೆ. ಮೂರು ವರ್ಷದ ಹೈಸ್ಕೂಲಿನಲ್ಲಿ ಇದನ್ನು ಹಂಚುವುದು ಕಷ್ಟವಲ್ಲ. ಎಂಟನೆಯ ಇಯತ್ತೆಯಲ್ಲಿ ಸುತ್ತಿಗೆ 46 ಸೆಕೆಂಡು ಓಡುವ ಹುಡುಗನಿಗೆ ಹತ್ತನೆಯ ಇಯತ್ತೆಯ ಹೊತ್ತಿಗೆ 40 ಎಂದು ಹೇಳಿ. ಹದಿನೈದು ನಲವತ್ತಲಿ ಆರುನೂರು, ಅಂದರೆ ಸರಿಯಾಗಿ ಹತ್ತು ನಿಮಿಷ. ವರ್ಷಕ್ಕೆ ಮೂರು ಸೆಕೆಂಡು ಇಳಿಸಬೇಕು. ಅದು ದೊಡ್ಡದು, ಸಣ್ಣ ಗುರಿಯೇನಲ್ಲ. ಅವನ ಮುಂದೆ ಅವಿನಾಶನ 33 ಇದೆ ಎಂಬುದನ್ನೂ ಹೇಳಿ, ಬಚ್ಚಿಡಬೇಡಿ. ಮುಟ್ಟಲೇಬೇಕೆಂದು ಗದರಿಸಬೇಡಿ. ಮೊದಲ ವರ್ಷ ಎರಡೇ ಸೆಕೆಂಡು ಇಳಿದರೂ ಅವನು ನಿನ್ನೆಯ ತನಗಿಂತ ಅರ್ಧ ನಿಮಿಷ ಮುಂದೆ ಬಂದಿದ್ದಾನೆ ಎಂದು ಲೆಕ್ಕ ತೋರಿಸಿ. ತಾಲೂಕು ಕೂಟ ಬರುವುದು ಆಗಸ್ಟ್-ಸೆಪ್ಟೆಂಬರಿನ ಮಳೆಯಲ್ಲಿ. ಆಗ ಎರೆಮಣ್ಣು ಹಿಡಿದು ಒಂದೊಂದು ಕಾಲೂ ಒಂದೊಂದು ಸೇರು ತೂಗುತ್ತದೆ. ಆ ದಿನದ ಸಮಯವನ್ನು ನೋಡಿ ಅಳಬೇಕಾಗಿಲ್ಲ. ಚಳಿಗಾಲದಲ್ಲಿ ನೆಲ ಗಟ್ಟಿಯಾದ ಮೇಲೆ ಶಾಲೆಯಲ್ಲೇ ಇನ್ನೊಮ್ಮೆ ಓಡಿಸಿ ಬರೆದಿಟ್ಟರಾಯಿತು.

ಇಷ್ಟಕ್ಕೆಲ್ಲ ಅನುದಾನ ಬೇಡ, ಸಿಂಥೆಟಿಕ್ ಟ್ರ್ಯಾಕ್ ಬೇಡ, ಹೊಸ ಯೋಜನೆಗೆ ಹೊಸ ಹೆಸರೂ ಬೇಡ. ನನ್ನ ವಿನಂತಿ ಒಂದೇ. ಅಫಜಲಪುರ, ಆಳಂದ, ಜೇವರ್ಗಿಯ ಕ್ರೀಡಾಕೂಟ ನಡೆಸುವ ಮಹನೀಯರೇ, ಈ ವರ್ಷ ಪ್ರಮಾಣಪತ್ರ ಅಚ್ಚಿಗೆ ಕೊಡುವಾಗ ‘ಪಡೆದ ಸ್ಥಾನ’ದ ಕೆಳಗೆ ‘ತೆಗೆದುಕೊಂಡ ಸಮಯ’ ಎಂದು ಒಂದು ಸಾಲು ಸೇರಿಸಿರಿ. ಅಚ್ಚಿನವನು ಅದಕ್ಕೆ ಹೆಚ್ಚು ದುಡ್ಡು ಕೇಳುವುದಿಲ್ಲ. ಮೊದಲ ಮೂವರಿಗೆ ಮಾತ್ರವಲ್ಲ, ಗೆರೆ ದಾಟಿದ ಪ್ರತಿ ಮಗುವಿಗೂ ಅದನ್ನು ತುಂಬಿ ಕೊಡಿರಿ. ಮತ್ತು ದೂರದ ಓಟ ಶುರುವಾಗುವ ಮೊದಲು, ಸ್ಟಾಪ್‌ವಾಚ್ ಕೊರಳಿಗೆ ಹಾಕಿಕೊಂಡವರನ್ನು ಚಹಾದ ಅಂಗಡಿಯಿಂದ ದಯವಿಟ್ಟು ಕರೆಸಿರಿ.